ಪುಣೆ ಮಹಾನಗರಪಾಲಿಕೆ: ಆಯವ್ಯಯದ ಕೊರತೆ ಮತ್ತು ತೆರಿಗೆ ಏರಿಕೆಯ ಪ್ರಶ್ನೆ

ಪುಣೆ ಮಹಾನಗರಪಾಲಿಕೆಯ ಆಯವ್ಯಯ ಎರಡು ಹಂತಗಳಲ್ಲಿ ರೂಪುಗೊಳ್ಳುತ್ತದೆ. ಮೊದಲು ಆಯುಕ್ತರು ಕರಡನ್ನು ಸ್ಥಾಯಿ ಸಮಿತಿಯ ಮುಂದಿಡುತ್ತಾರೆ. ಸಮಿತಿ ಅದನ್ನು ತಿದ್ದಿದ ಮೇಲೆ ಅಧ್ಯಕ್ಷರು ಸಾಮಾನ್ಯ ಸಭೆಗೆ ಒಪ್ಪಿಸುತ್ತಾರೆ. ಆದರೆ ಮುಂದಿನ ವರ್ಷದ ತೆರಿಗೆ ದರಗಳನ್ನು ಫೆಬ್ರವರಿ 20ರೊಳಗೆ ಗೊತ್ತುಪಡಿಸಬೇಕೆಂದು 1949ರ ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆಯ 99ನೆಯ ಕಲಮು ವಿಧಿಸುತ್ತದೆ. ಹೀಗಾಗಿ ಖರ್ಚಿನ ಕೊನೆಯ ಪಟ್ಟಿ ಸಿದ್ಧವಾಗುವ ಮೊದಲೇ ತೆರಿಗೆಯ ತೀರ್ಮಾನ ಆಗಿಹೋಗಿರುತ್ತದೆ.

ಇದರ ಫಲ 2018ರಲ್ಲಿ ಸ್ಪಷ್ಟವಾಗಿ ಕಂಡಿತು. ಆಯುಕ್ತ ಕುನಾಲ್ ಕುಮಾರ್ ಆಸ್ತಿ ತೆರಿಗೆಯನ್ನು ಶೇ 15ರಷ್ಟು ಏರಿಸಲು ಸೂಚಿಸಿ 5,397 ಕೋಟಿ ರೂಪಾಯಿಯ ಕರಡು ಮಂಡಿಸಿದರು. ಸ್ಥಾಯಿ ಸಮಿತಿ ಏರಿಕೆಯನ್ನು ತಿರಸ್ಕರಿಸಿತು. ಆದರೂ ಅದರ ಅಧ್ಯಕ್ಷ ಮುರಳೀಧರ ಮೊಹೋಳ್ ಮಂಡಿಸಿದ ಆಯವ್ಯಯ 5,870 ಕೋಟಿಗೆ ಏರಿತ್ತು. 2021ರಲ್ಲಿ ಆಯುಕ್ತ ವಿಕ್ರಮ್ ಕುಮಾರ್ ಶೇ 11ರ ಏರಿಕೆಯೊಂದಿಗೆ 7,650 ಕೋಟಿಯ ಕರಡು ಕೊಟ್ಟರು. ಏರಿಕೆ ಬಿದ್ದುಹೋಯಿತು, ಗಾತ್ರ ಮಾತ್ರ 8,370 ಕೋಟಿಗೆ ಬೆಳೆಯಿತು. ಆದಾಯದ ಬಾಗಿಲು ಮುಚ್ಚಿ ವೆಚ್ಚದ ಬಾಗಿಲು ತೆರೆಯುವ ಈ ಪದ್ಧತಿಯಲ್ಲಿ ಕೊರತೆ ಆಯವ್ಯಯ ಪುಸ್ತಕದಲ್ಲಿ ಕಾಣುವುದಿಲ್ಲ. ವರ್ಷದ ಕೊನೆಯಲ್ಲಿ, ಆರಂಭವಾಗದ ಕಾಮಗಾರಿಗಳ ರೂಪದಲ್ಲಿ ಕಾಣುತ್ತದೆ.

ಆಸ್ತಿ ತೆರಿಗೆಯ ಮೇಲೆ ಇಷ್ಟು ಭಾರ ಬೀಳಲು ಕಾರಣವಿದೆ. ದಶಕಗಳ ಕಾಲ ಪಾಲಿಕೆಯ ಮುಖ್ಯ ಆದಾಯ ಜಕಾತಿಯಿಂದ, ಅಂದರೆ ಆಕ್ಟ್ರಾಯ್‌ನಿಂದ ಬರುತ್ತಿತ್ತು. ಕರ್ನಾಟಕ ಅದನ್ನು 1979ರಲ್ಲೇ ಕೈಬಿಟ್ಟಿತ್ತು. ಪುಣೆಯಲ್ಲಿ ಅದು 2013ರವರೆಗೆ ಉಳಿಯಿತು. ಆ ವರ್ಷದ ಏಪ್ರಿಲ್ 1ರಿಂದ ಅದರ ಜಾಗಕ್ಕೆ ಬಂದ ಸ್ಥಳೀಯ ಸಂಸ್ಥೆ ತೆರಿಗೆಯನ್ನು (ಎಲ್‌ಬಿಟಿ) ವಿರೋಧಿಸಿ ವ್ಯಾಪಾರಿಗಳು ಅಂಗಡಿ ಮುಚ್ಚಿದರು. 2015ರ ಆಗಸ್ಟ್ 1ರಿಂದ 50 ಕೋಟಿಗಿಂತ ಕಡಿಮೆ ವಹಿವಾಟಿನವರಿಗೆ ವಿನಾಯಿತಿ ಸಿಕ್ಕಿತು, 2017ರ ಜುಲೈ 1ರಂದು ಜಿಎಸ್‌ಟಿ ಅದನ್ನು ಪೂರ್ತಿ ನುಂಗಿತು. ಈಗ ರಾಜ್ಯ ಸರ್ಕಾರ ವರ್ಷಕ್ಕೆ ಶೇ 8ರ ಏರಿಕೆಯ ಲೆಕ್ಕದಲ್ಲಿ ಪರಿಹಾರ ನೀಡುತ್ತದೆ. ಹಣ ಬರುತ್ತದೆ ನಿಜ. ಆದರೆ ದರ ನಿಗದಿಪಡಿಸುವ ಅಧಿಕಾರ ನಗರದ ಕೈಯಿಂದ ಜಾರಿದೆ.

ಹೊಸ ತೆರಿಗೆ ಹಾಕುವ ಅವಕಾಶವೂ ಕಿರಿದು. ಸಂವಿಧಾನದ 243ಎಕ್ಸ್ ವಿಧಿಯಂತೆ ರಾಜ್ಯ ಶಾಸನಸಭೆ ಅಧಿಕಾರ ಕೊಟ್ಟ ತೆರಿಗೆಗಳನ್ನಷ್ಟೇ ಪಾಲಿಕೆ ವಿಧಿಸಬಹುದು. ವೃತ್ತಿ ತೆರಿಗೆಯನ್ನು ಮಹಾರಾಷ್ಟ್ರದಲ್ಲಿ ರಾಜ್ಯವೇ ವಸೂಲು ಮಾಡುತ್ತದೆ. ಅದಕ್ಕೂ ವರ್ಷಕ್ಕೆ 2,500 ರೂಪಾಯಿಯ ಮಿತಿಯಿದೆ. ಉಳಿದದ್ದು ಆಸ್ತಿ ತೆರಿಗೆ, ನೀರಿನ ಕರ ಮತ್ತು ಕಟ್ಟಡ ಪರವಾನಗಿಯ ಶುಲ್ಕ. ಮೂರನೆಯದು ಕಟ್ಟಡ ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟುಬಿದ್ದದ್ದು, ನೆಚ್ಚಿ ಕೂರುವಂಥದ್ದಲ್ಲ.

ಆಸ್ತಿ ತೆರಿಗೆಯಲ್ಲೂ ಪಾಲಿಕೆಗೆ ಪೂರ್ಣ ಸ್ವಾತಂತ್ರ್ಯವಿಲ್ಲ ಎಂಬುದಕ್ಕೆ ಶೇ 40ರ ರಿಯಾಯಿತಿಯೇ ಸಾಕ್ಷಿ. ಮಾಲೀಕರೇ ವಾಸಿಸುವ ಮನೆಗಳಿಗೆ 1970ರಿಂದ ಕೊಡುತ್ತಿದ್ದ ಈ ರಿಯಾಯಿತಿಯನ್ನು ಲೆಕ್ಕಪರಿಶೋಧನೆಯ ಆಕ್ಷೇಪದ ನಂತರ 2019ರಲ್ಲಿ ನಿಲ್ಲಿಸಲಾಯಿತು. ಜನರ ಪ್ರತಿಭಟನೆ ಬೆಳೆದು 2023ರಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಮರಳಿ ತಂದಿತು. ನಿಲ್ಲಿಸಿದ್ದೂ ಮರಳಿಸಿದ್ದೂ ರಾಜ್ಯದ ತೀರ್ಮಾನ, ಆದಾಯದ ನಷ್ಟ ಮಾತ್ರ ನಗರದ್ದು.

ಸಾಲದ ದಾರಿಯನ್ನೂ ಪುಣೆ ಹಿಡಿದಿದೆ. ಭಾರತದ ಮೊದಲ ನಗರ ಬಾಂಡನ್ನು 1997ರಲ್ಲಿ ಹೊರಡಿಸಿದ್ದು ಬೆಂಗಳೂರು. ಪುಣೆ 2017ರ ಜೂನ್‌ನಲ್ಲಿ ದಿನದ 24 ಗಂಟೆ ನೀರು ಪೂರೈಸುವ ಯೋಜನೆಗಾಗಿ ಶೇ 7.59 ಬಡ್ಡಿಗೆ 200 ಕೋಟಿ ಎತ್ತಿತು. ಬಾಂಡ್ ತೆರಿಗೆಗೆ ಬದಲಿಯಲ್ಲ. ಅದರ ಅಸಲನ್ನೂ ಬಡ್ಡಿಯನ್ನೂ ನಾಳಿನ ತೆರಿಗೆಯೇ ತೀರಿಸಬೇಕು.

ಭಾರದ ಹಂಚಿಕೆಯ ಪ್ರಶ್ನೆ ಇನ್ನೂ ಕಠಿಣ. 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಪಾಲಿಕೆಗೆ ಸೇರಿದವು. ಅಲ್ಲಿನ ಮನೆಗಳಿಗೆ ನಗರದ ತೆರಿಗೆ ಬಂತು. ನಲ್ಲಿ, ಒಳಚರಂಡಿ ಅದೇ ವೇಗದಲ್ಲಿ ಬರಲಿಲ್ಲ. ಹೆಚ್ಚಿನ ತೆರಿಗೆಯ ದೂರಿನ ನಡುವೆ ಇವುಗಳಲ್ಲಿ ಎರಡು ಹಳ್ಳಿಗಳಾದ ಫುರಸುಂಗಿ ಮತ್ತು ಉರುಳಿ ದೇವಾಚಿ ಹೊರಬಿದ್ದು ಪ್ರತ್ಯೇಕ ನಗರಪರಿಷತ್ತಾದವು. ಟ್ಯಾಂಕರ್ ನೀರಿಗೆ ಹಣ ತೆರುವ ಮನೆ ಪಾಲಿಕೆಗೂ ಪೂರ್ಣ ಕರ ಕಟ್ಟಬೇಕೆನ್ನುವುದು ಕಾನೂನಿಗೆ ಒಪ್ಪಬಹುದು, ನ್ಯಾಯಕ್ಕೆ ಒಪ್ಪದು.

2022ರ ಮಾರ್ಚ್‌ನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ ಆಯುಕ್ತರೇ ಆಡಳಿತಾಧಿಕಾರಿಯಾದರು. ತೆರಿಗೆ ಏರಿಕೆಯನ್ನು ತಡೆಯುವ ಸಮಿತಿ ಆಗ ಇಲ್ಲದಿದ್ದರೂ ಆಯವ್ಯಯದ ಗಾತ್ರ ಏರುತ್ತಲೇ ಹೋಗಿ 2025-26ರಲ್ಲಿ 12,618 ಕೋಟಿ ತಲುಪಿತು. ಆದ್ದರಿಂದ ದೋಷವನ್ನು ಚುನಾಯಿತ ಸದಸ್ಯರ ಮೇಲಷ್ಟೇ ಹೊರಿಸುವುದು ಸರಿಯಲ್ಲ. ಹಿಂದಿನ ವರ್ಷ ನಿಜಕ್ಕೂ ವಸೂಲಾದ ಮೊತ್ತವನ್ನು ಆಧಾರವಾಗಿಟ್ಟು ಮೊದಲು ವೆಚ್ಚಕ್ಕೆ ಮಿತಿ ಹಾಕಬೇಕು, ಬಾಕಿ ವಸೂಲು ಮಾಡಬೇಕು; ದರ ಏರಿಸುವುದಾದರೆ ನೀರು ಮತ್ತು ಒಳಚರಂಡಿ ತಲುಪಿದ ಪ್ರದೇಶಗಳಿಂದಲೇ ಆರಂಭಿಸಬೇಕು.