ಮುಯ್ಯಿಯಿಂದ ಮಾರುಕಟ್ಟೆಗೆ

ತುಮಕೂರು ತಾಲ್ಲೂಕಿನ ಕೋರದಂಥ ರಾಗಿ ಬೆಳೆಯುವ ಸೀಮೆಯಲ್ಲಿ ‘ಮುಯ್ಯಿ’ ಎಂಬ ಪದ ಹಿರಿಯರಿಗೆಲ್ಲ ಪರಿಚಿತ. ಮದುವೆಯಲ್ಲಿ ನೆಂಟರಿಷ್ಟರು ಕೊಡುವ ಹಣ ಅಥವಾ ಉಡುಗೊರೆಯೇ ಮುಯ್ಯಿ. ಯಾರು ಎಷ್ಟು ಕೊಟ್ಟರೆಂದು ಬರೆದಿಟ್ಟುಕೊಂಡು, ಅವರ ಮನೆಯ ಮದುವೆಗೆ ಹಿಂದಿರುಗಿಸುವುದು ವಾಡಿಕೆ. ಕೂಲಿ ಪಡೆಯದೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದರೆ ಅದು ಮುಯ್ಯಾಳು. ಸೇಡು ತೀರಿಸಿಕೊಳ್ಳುವುದಕ್ಕೂ ‘ಮುಯ್ಯಿ ತೀರಿಸಿಕೊಳ್ಳುವುದು’ ಎನ್ನುತ್ತೇವೆ. ಉಪಕಾರವಾಗಲಿ ಅಪಕಾರವಾಗಲಿ, ಪಡೆದದ್ದನ್ನು ಹಿಂದಿರುಗಿಸಬೇಕೆಂಬ ಒತ್ತಡ ಈ ಒಂದೇ ಪದದಲ್ಲಿ ಅಡಗಿದೆ.

ಈ ಒತ್ತಡವನ್ನು ವಿದ್ವಾಂಸರು ವ್ಯವಸ್ಥಿತವಾಗಿ ಅಭ್ಯಸಿಸತೊಡಗಿದ್ದು 20ನೆಯ ಶತಮಾನದಲ್ಲಿ. ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಈ ಮೂರೂ ಸಾಮಾಜಿಕ ಕಟ್ಟುಪಾಡುಗಳೆಂದು ಫ್ರಾನ್ಸಿನ ಮಾರ್ಸೆಲ್ ಮೌಸ್ 1925ರಲ್ಲಿ ವಿವರಿಸಿದರು. 1960ರಲ್ಲಿ ಅಮೆರಿಕದ ಸಮಾಜವಿಜ್ಞಾನಿ ಆಲ್ವಿನ್ ಗೌಲ್ಡ್ನರ್ ಇದನ್ನು ‘ಪರಸ್ಪರತೆಯ ನಿಯಮ’ ಎಂದು ಕರೆದರು.

ಇದನ್ನು ಪ್ರಯೋಗಕ್ಕೆ ಒಡ್ಡಬಹುದೇ? ಡೆನ್ನಿಸ್ ರೇಗನ್ 1971ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಪ್ರಯೋಗಕ್ಕೆ ಬಂದವನ ಜೊತೆಗಿದ್ದ ವ್ಯಕ್ತಿ, ವಾಸ್ತವವಾಗಿ ಸಂಶೋಧಕರ ಸಹಾಯಕ. ಆತ ಬಿಡುವಿನಲ್ಲಿ ಹೊರಗೆ ಹೋಗಿ, ಕೆಲವರಿಗೆ ಕೇಳದಿದ್ದರೂ ಒಂದು ಕೋಕಾಕೋಲ ತಂದುಕೊಟ್ಟ. ಇನ್ನು ಕೆಲವರಿಗೆ ಏನನ್ನೂ ತರಲಿಲ್ಲ. ಆಮೇಲೆ ತನ್ನಿಂದ ಲಾಟರಿ ಚೀಟಿ ಕೊಳ್ಳುವಂತೆ ಎಲ್ಲರನ್ನೂ ಕೇಳಿಕೊಂಡ. ಪಾನೀಯ ಪಡೆದವರು ಇತರರಿಗಿಂತ ಸುಮಾರು ಇಮ್ಮಡಿ ಚೀಟಿ ಕೊಂಡರು!

ವ್ಯಾಪಾರಕ್ಕೆ ಇದು ಹೊಸತೇನಲ್ಲ. ಸಂತೆಯಲ್ಲಿ ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕುವುದನ್ನು ನೀವೂ ಕಂಡಿದ್ದೀರಿ. ಗಿರಾಕಿ ಮುಂದಿನ ವಾರವೂ ಅಲ್ಲಿಗೇ ಬರುತ್ತಾನೆ. ಆದರೆ ಕೊಸರಿನಲ್ಲಿ ಕೊಡುವವನೂ ಪಡೆಯುವವನೂ ಎದುರುಬದುರು ಇರುತ್ತಾರೆ. ಲೆಕ್ಕ ಇಬ್ಬರಿಗೂ ಗೊತ್ತು.

ಉಡುಗೊರೆ ಒಬ್ಬರಿಗೆ ಸಂದು, ಋಣ ಇನ್ನೊಬ್ಬರ ತಲೆಗೆ ಬಂದಾಗ ತೊಡಕು ಪ್ರಾರಂಭವಾಗುತ್ತದೆ. ಔಷಧ ಕಂಪನಿಯ ಉಡುಗೊರೆ ವೈದ್ಯರಿಗೆ. ಔಷಧದ ಬೆಲೆ ತೆರುವುದು ರೋಗಿ. ಆದ್ದರಿಂದಲೇ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲಿ, ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸದ ಖರ್ಚು ಸ್ವೀಕರಿಸಬಾರದೆಂದು ನಿಯಮ ಮಾಡಿತು. ಇಂಥ ಕೊಡುಗೆಗಳ ವೆಚ್ಚಕ್ಕೆ ಕಂಪನಿಗಳು ಆದಾಯ ತೆರಿಗೆಯಲ್ಲಿ ವಿನಾಯಿತಿ ಪಡೆಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಫೆಬ್ರವರಿ 2022ರಲ್ಲಿ ತೀರ್ಪಿತ್ತಿತು. ಕೇಂದ್ರ ಸರ್ಕಾರದ 2024ರ ಔಷಧ ಮಾರಾಟ ಸಂಹಿತೆ ಉಡುಗೊರೆಗಳನ್ನು ನಿಷೇಧಿಸಿ, ಉಚಿತ ಮಾದರಿಗಳಿಗೂ ಮಿತಿ ಹಾಕಿತು.

ಹಾಗಾದರೆ ಗ್ರಾಹಕರು ಏನು ಮಾಡಬೇಕು? ಮನೋವಿಜ್ಞಾನಿ ರಾಬರ್ಟ್ ಚಾಲ್ಡಿನಿ 1984ರ ತಮ್ಮ ಪುಸ್ತಕದಲ್ಲಿ ಸರಳ ಸಲಹೆಯೊಂದನ್ನು ನೀಡಿದರು. ನಿಜವಾದ ಉಪಕಾರವನ್ನು ಸಂತೋಷದಿಂದ ಸ್ವೀಕರಿಸಿ. ಅದು ಮಾರಾಟದ ತಂತ್ರವೆಂದು ತಿಳಿದೊಡನೆ ತಂತ್ರವೆಂದೇ ಪರಿಗಣಿಸಿ. ತಂತ್ರಕ್ಕೆ ಮುಯ್ಯಿ ತೀರಿಸಬೇಕಾಗಿಲ್ಲ. ಶಿಕ್ಷಕರು ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿಸಬಹುದು. ಒಂದು ವಾರದಲ್ಲಿ ಮನೆಗೆ ಬಂದ ‘ಉಚಿತ’ ವಸ್ತುಗಳನ್ನು ಮಕ್ಕಳು ಪಟ್ಟಿ ಮಾಡಲಿ. ಪ್ರತಿಯೊಂದರ ಮುಂದೆ, ಅದರ ಬೆಲೆ ಕೊನೆಗೆ ಯಾರು ಕೊಟ್ಟರು ಎಂದು ಬರೆಯಲಿ.