ಜಾಯಮಾನ ಎಂಬ ಮಾತು

‘ಇನ್ನೊಬ್ಬರ ಮುಂದೆ ಕೈಚಾಚುವುದು ನನ್ನ ಜಾಯಮಾನವಲ್ಲ’ ಎನ್ನುತ್ತೇವೆ. ಸ್ವಭಾವ, ಹುಟ್ಟುಗುಣ ಎಂಬ ಅರ್ಥದ ಈ ಪದ ಕನ್ನಡದಲ್ಲಿ ಹೆಚ್ಚಾಗಿ ‘ಅಲ್ಲ’ದ ಜೊತೆಗೇ ಓಡಾಡುತ್ತದೆ. ಕೊನೆಯಲ್ಲಿ ‘ಮಾನ’ ಇರುವುದರಿಂದ ಮರ್ಯಾದೆಗೆ ಸಂಬಂಧಿಸಿದ್ದೆಂದು ಕೆಲವರು ತಿಳಿಯುವುದುಂಟು. ಆದರೆ ಆ ಮಾನಕ್ಕೂ ಈ ಮಾನಕ್ಕೂ ನಂಟಿಲ್ಲ.

ಸಂಸ್ಕೃತದಲ್ಲಿ ‘ಜನ್’ ಎಂದರೆ ಹುಟ್ಟು. ‘ಜಾಯತೇ’ ಎಂದರೆ ಹುಟ್ಟುತ್ತಾನೆ. ‘ಜಾಯಮಾನ’ ಎಂದರೆ ಹುಟ್ಟುತ್ತಿರುವ. ಅಷ್ಟೆ. ಅದು ಗುಣವನ್ನು ಹೇಳುವ ಪದವಲ್ಲ, ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ಕೃದಂತ. ಮನುಷ್ಯ ಹುಟ್ಟುತ್ತಲೇ ಋಷಿ, ದೇವ, ಪಿತೃಗಳ ಋಣ ಹೊತ್ತಿರುತ್ತಾನೆ ಎಂಬ ವಿಚಾರವನ್ನು ಬ್ರಾಹ್ಮಣನ ಕುರಿತು ಹೇಳುವಾಗ ತೈತ್ತಿರೀಯ ಸಂಹಿತೆ ಬಳಸುವುದು ಇದೇ ಪದವನ್ನು. ಹುಟ್ಟುವಾಗಲೇ ಹೊತ್ತು ತಂದದ್ದು ಎಂಬ ನಮ್ಮ ಅರ್ಥಕ್ಕೆ ಇಂಥ ಪ್ರಯೋಗಗಳು ದಾರಿ ಮಾಡಿರಬಹುದೆಂಬುದು ನನ್ನ ಊಹೆ ಮಾತ್ರ.

ಇಂಥ ಕೃದಂತಗಳನ್ನು ಕನ್ನಡಿಗರು ನಾಮಪದ ಮಾಡಿಕೊಂಡಿರುವ ರೀತಿ ಸೊಗಸಾಗಿದೆ. ಯಜ್ಞ ಮಾಡಿಸುತ್ತಿರುವವನು ‘ಯಜಮಾನ’. ನಮ್ಮಲ್ಲಿ ಅವನು ಮನೆಯೊಡೆಯ, ಗಂಡ. ‘ವರ್ತಮಾನ’ ನಡೆಯುತ್ತಿರುವುದು, ನಮಗೆ ಅದು ಸುದ್ದಿಯೂ ಹೌದು. ‘ವಿದ್ಯಮಾನ’ ಇರುವಂಥದ್ದು, ನಮಗೆ ಘಟನೆ. ದೂರದ ಲ್ಯಾಟಿನ್ನಿನಲ್ಲೂ ಹುಟ್ಟುವ ಕ್ರಿಯೆಯಿಂದಲೇ ‘ನತೂರಾ’ ಬಂತು, ಅದರಿಂದ ಇಂಗ್ಲಿಷಿನ ‘ನೇಚರ್’. ಆ ಧಾತುವೂ ನಮ್ಮ ‘ಜನ್’ ಧಾತುವೂ ಒಂದೇ ಮೂಲದವು. ಜೊತೆಯಲ್ಲಿ ಹುಟ್ಟಿದ್ದು ‘ಸಹಜ’. ‘ಜಾತಿ’ಯೂ ಇದೇ ಬೇರಿನದು.

ತೊಡಕು ಇಲ್ಲೇ ಇದೆ. ‘ನನ್ನ ಜಾಯಮಾನವಲ್ಲ’ ಎಂದರೆ ಆತ್ಮಗೌರವದ ಮಾತು. ‘ಆ ಜನರ ಜಾಯಮಾನವೇ ಅಷ್ಟು’ ಎಂದರೆ ತೀರ್ಪು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಅದಕ್ಕೆ ಸಾಕ್ಷಿಯಾಗಿ ಬಂದು ನಿಲ್ಲುತ್ತದೆ. ಹುಟ್ಟುತ್ತಿರುವ ಎಂಬಲ್ಲಿ ಇನ್ನೂ ಮುಗಿಯದ ಚಲನೆಯಿತ್ತು. ಗುಣವಾಗಿ ಹೆಪ್ಪುಗಟ್ಟಿದ ಮೇಲೆ ಅದು ಇಲ್ಲ.

ಬ್ರಿಟಿಷ್ ಸರ್ಕಾರ ಈ ನಂಬಿಕೆಯನ್ನು ಕಾನೂನನ್ನಾಗಿಯೇ ಮಾಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ದಾಖಲಿಸಿಕೊಳ್ಳಲು ಅವಕಾಶ ಕೊಟ್ಟಿತು. ಮುಂದೆ ಹುಬ್ಬಳ್ಳಿಯಲ್ಲೂ ಅಂಥವರಿಗಾಗಿ ಒಂದು ವಸಾಹತು ಎದ್ದಿತು. ಅಲ್ಲಿ ಹುಟ್ಟಿದ ಕೂಸಿಗೂ ಅದೇ ಹಣೆಪಟ್ಟಿ. ಕಾಯ್ದೆ ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿಯವರ ಬಾಯಲ್ಲಿ ಆ ಜಾಗ ಇಂದಿಗೂ ‘ಸೆಟ್ಲಮೆಂಟ್’.