ನೇಯುವವಳ ಹೆಸರು

ನಾನು ಮದುವೆಯಾಗಿ ಧಾರವಾಡದ ಈ ಮನೆಗೆ ಬಂದಾಗ ಪಡಸಾಲೆಯ ಗೂಡಿನಲ್ಲಿ, ಪಂಚಾಂಗದ ಪಕ್ಕಕ್ಕೆ, ಒಂದು ದಪ್ಪ ಪುಸ್ತಕವಿತ್ತು. ಮಾವನವರು ಅದನ್ನು ಡಿಕ್ಷನರಿ ಎಂದು ಒಮ್ಮೆಯೂ ಕರೆದವರಲ್ಲ. “ಆ ವೆಬ್‌ಸ್ಟರ್ ತಗೊಂಬಾರವಾ” ಎನ್ನುತ್ತಿದ್ದರು, ಓಣಿಯ ಗೆಳೆಯರೊಬ್ಬರನ್ನು ಒಳಗೆ ಕರೆಸುವ ಹಾಗೆ. ನನ್ನ ಮನಸ್ಸಿನಲ್ಲೂ ವೆಬ್‌ಸ್ಟರ್ ಎಂದರೆ ಕನ್ನಡಕ ಹಾಕಿದ, ಸಿಡುಕು ಮೋರೆಯ ಮಾಸ್ತರರೊಬ್ಬರ ಚಿತ್ರ ಕೂತುಬಿಟ್ಟಿತ್ತು. ಅದೇನೂ ಪೂರ್ತಿ ತಪ್ಪಲ್ಲ. ನೋವಾ ವೆಬ್‌ಸ್ಟರ್ ಅಮೆರಿಕದಲ್ಲಿ ಮಾಸ್ತರಿಕೆ ಮಾಡಿದವನೇ. 1828ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಹೊರತಂದವನು. ಎಷ್ಟೋ ವರ್ಷಗಳ ಮೇಲೆ, ಮಗಳ ಪಾಠಕ್ಕಾಗಿ ಜೇಡರ ಬಲೆಗೆ ಹೇಳುವ ‘ವೆಬ್’ ಎಂಬ ಮಾತನ್ನು ಹುಡುಕುವಾಗ ಅಲ್ಲೇ ಕೆಳಗೆ ಸಣ್ಣ ಅಕ್ಷರದ ‘ವೆಬ್‌ಸ್ಟರ್’ ಕಣ್ಣಿಗೆ ಬಿತ್ತು. ಅರ್ಥ, ನೇಯುವವರು. ನಮ್ಮ ಮಾಸ್ತರರು ಮೂಲದಲ್ಲಿ ನೇಕಾರರು! ಮತ್ತೂ ಕೆದಕಿದಾಗ ಗೊತ್ತಾಯಿತು, ನೇಕಾರರೂ ಅಲ್ಲ, ನೇಕಾರ್ತಿ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ವೆಬ್’ ಎಂದರೆ ನೇಯ್ದ ಬಟ್ಟೆ. ನೇಯುವ ಗಂಡಸು ‘ವೆಬ್ಬ’, ಹೆಂಗಸು ‘ವೆಬ್ಬೆಸ್ತ್ರೆ’. ಕೊನೆಯ ಆ ‘ಎಸ್ತ್ರೆ’ಯೇ ಸವೆದು ‘ಸ್ಟರ್’ ಆದದ್ದು. ನಮ್ಮಲ್ಲಿ ಸೂಲಗಿತ್ತಿ, ಹೂವಾಡಗಿತ್ತಿ ಎನ್ನುವಾಗ ಬರುವ ‘ಗಿತ್ತಿ’ ಇದೆಯಲ್ಲ, ಹೆಚ್ಚುಕಡಿಮೆ ಅದೇ ಕೆಲಸ ಅದರದು. ರೊಟ್ಟಿ ಬೇಯಿಸುವ ಗಂಡಸು ಬೇಕರ್, ಹೆಂಗಸು ಬ್ಯಾಕ್ಸ್ಟರ್. ಮದ್ಯ ಕಾಸುವವನು ಬ್ರೂಯರ್, ಕಾಸುವವಳು ಬ್ರೂಸ್ಟರ್. ಬಣ್ಣ ಹಾಕುವವನು ಡೈಯರ್, ಹಾಕುವವಳು ಡೆಕ್ಸ್ಟರ್. ಇವೆಲ್ಲ ಇವತ್ತು ಇಂಗ್ಲೆಂಡಿನ ಮರ್ಯಾದಸ್ಥ ಅಡ್ಡಹೆಸರುಗಳು. ತಾತ, ಮೊಮ್ಮಗ ಎಲ್ಲರೂ ಮೀಸೆ ತಿರುವಿಕೊಂಡು ಹೊತ್ತಿರುವುದು ಯಾವಳೋ ಅಜ್ಜಿಯ ಕಸುಬನ್ನು.

ನಮ್ಮ ಕಡೆ ಬಡಿಗೇರ, ಪತ್ತಾರ, ಕಂಬಾರ, ಹೂಗಾರ, ಗಾಣಿಗೇರ ಎಂಬ ಅಡ್ಡಹೆಸರುಗಳ ನಡುವೆಯೇ ಬೆಳೆದವಳು ನಾನು. ಅದರಲ್ಲಿ ಒಂದೂ ‘ಗಿತ್ತಿ’ ಇಲ್ಲ ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ದೇಶವೆಲ್ಲ ಅವರನ್ನು ಕರೆದದ್ದು ಕಸುಬನ್ನು ಮುಂದಿಟ್ಟೇ. ಇಂಗ್ಲೆಂಡಿನಲ್ಲೂ ಮೊದಲು ಹೀಗೇ ಇತ್ತು. ಕಸುಬು ಒಬ್ಬರ ಹೆಸರಿಗೆ ಅಂಟುತ್ತಿತ್ತು, ಅವರೊಂದಿಗೆ ಹೋಗುತ್ತಿತ್ತು. 1066ರಲ್ಲಿ ನಾರ್ಮನ್ನರು ಬಂದ ಮೇಲೆ ನಿಧಾನವಾಗಿ, ಮೊದಲು ಸಿರಿವಂತರಲ್ಲಿ, ಆಮೇಲೆ ಉಳಿದವರಲ್ಲಿ, ಹೆಸರು ಅಪ್ಪನಿಂದ ಮಕ್ಕಳಿಗೆ ಇಳಿಯತೊಡಗಿತು. 1400ರ ಹೊತ್ತಿಗೆ ಬಹುಪಾಲು ಜನರಿಗೆ ಅದು ಗಟ್ಟಿಯಾಗಿತ್ತು.

ಆದರೆ ಅಷ್ಟರೊಳಗೆ ಮಗ್ಗ ಕೈಬದಲಾಗಿತ್ತು. ಹಳೆಯ ಮಗ್ಗ ಗೋಡೆಗೆ ಒರಗಿಸಿ ನಿಲ್ಲಿಸುವಂಥದು. ನೂಲಿನ ತುದಿಗೆ ಮಣ್ಣಿನ ಗುಂಡು ಕಟ್ಟಿ ಇಳಿಬಿಟ್ಟು ಹೆಂಗಸರು ಮನೆಯಲ್ಲೇ ನೇಯುತ್ತಿದ್ದರು. ಕಾಲಿನಿಂದ ತುಳಿಯುವ ಅಡ್ಡ ಮಗ್ಗ ಬಂತು, ಬಟ್ಟೆ ಪೇಟೆಯ ವ್ಯಾಪಾರವಾಯಿತು, 12ನೆಯ ಶತಮಾನದಲ್ಲೇ ಲಂಡನ್, ಆಕ್ಸ್‌ಫರ್ಡ್‌ಗಳಲ್ಲಿ ನೇಕಾರರ ಸಂಘಗಳಾದವು. ಗಂಡಸರು ಮಗ್ಗಕ್ಕೆ ಕೂತರು. ದಕ್ಷಿಣದವರು ಅವರನ್ನು ವೆಬ್ ಎಂದರು, ಪಶ್ಚಿಮದ ಕಡೆ ವೀವರ್ ಎಂದರು. ಉತ್ತರದ ಯಾರ್ಕ್‌ಶೈರ್, ಲ್ಯಾಂಕಶೈರ್, ಸ್ಕಾಟ್ಲೆಂಡಿನವರಿಗೆ ಹೊಸ ಹೆಸರು ಬೇಕೆನಿಸಲಿಲ್ಲ; ಹೆಂಗಸಿನ ಹೆಸರನ್ನೇ ಗಂಡಸಿಗೂ ತೊಡಿಸಿದರು. ಹಾಗಾಗಿ ಪ್ರತಿ ವೆಬ್‌ಸ್ಟರ್ ಮನೆತನದ ಮೂಲದಲ್ಲೂ ಒಬ್ಬ ಹೆಂಗಸಿದ್ದಳು ಎಂದು ಹೇಳಲಾಗದು. ನನಗೆ ಇದು ತಿಳಿದಾಗ ಸ್ವಲ್ಪ ಬೇಜಾರೇ ಆಯಿತು.

ಬೇಜಾರು ಇನ್ನೂ ಹೆಚ್ಚಾದದ್ದು 1379ರ ತಲೆಗಂದಾಯದ ಪಟ್ಟಿಯ ಸಂಗತಿ ಓದಿದಾಗ. 16 ವರ್ಷ ದಾಟಿದ ಬಡವನೂ 4 ಪೆನ್ನಿ ಕಟ್ಟಬೇಕು. ಗಂಡ-ಹೆಂಡತಿ ಕೂಡಿ ಒಂದೇ ತಲೆ. ಯಾರ್ಕ್‌ಶೈರಿನ ಪಟ್ಟಿಗಳು ಉಳಿದಿವೆ. ಮದುವೆಯಾಗದ ಹುಡುಗಿಯ, ವಿಧವೆಯ ಹೆಸರು ಅದರಲ್ಲಿ ಸಿಗುತ್ತದೆ. ಮದುವೆಯಾದವಳದು ಮಾತ್ರ ಎಷ್ಟೋ ಕಡೆ ಇಲ್ಲ. ಗಂಡನ ಹೆಸರು ಬರೆದು, ಲ್ಯಾಟಿನ್ನಿನಲ್ಲಿ ‘ಮತ್ತು ಅವನ ಹೆಂಡತಿ’ ಎಂದು ಸೇರಿಸಿ ಮುಗಿಸಿದ್ದಾರೆ. ಯೋಚಿಸಿ ನೋಡಿ: ಜಾನ್ ವೆಬ್‌ಸ್ಟರ್ ಮತ್ತು ಅವನ ಹೆಂಡತಿ ಎಂದರೆ, ನೇಯುವವಳು ಎಂಬ ಹೆಸರು ಗಂಡನಿಗೆ, ಹೆಂಡತಿಗೆ ಯಾವ ಹೆಸರೂ ಇಲ್ಲ.

ಮದ್ಯದ ಕಥೆಯೂ ಹೀಗೇ. ಜುಡಿತ್ ಬೆನೆಟ್ ಎಂಬ ಇತಿಹಾಸಕಾರ್ತಿ 1996ರಲ್ಲಿ ಇದರ ಮೇಲೆ ಇಡೀ ಗ್ರಂಥವನ್ನೇ ಬರೆದಿದ್ದಾರೆ. ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡುವ ‘ಏಲ್’ ನಾಲ್ಕು ದಿನದಲ್ಲಿ ಹುಳಿಯಾಗುತ್ತಿತ್ತು. ಹಾಗಾಗಿ ಮನೆಮನೆಯ ಹೆಂಗಸರು ಕಾಸಿ, ತಮಗೆ ಸಾಕಾಗಿ ಮಿಕ್ಕಿದ್ದನ್ನು ನೆರೆಯವರಿಗೆ ಮಾರುತ್ತಿದ್ದರು. ನಮ್ಮ ಹೆಂಗಸರು ಹಪ್ಪಳ ಸಂಡಿಗೆ ಮಾರಿ ಕೈಖರ್ಚು ಮಾಡಿಕೊಳ್ಳುವ ಹಾಗೆ ಎನ್ನಿ. ಆಮೇಲೆ ಸಮುದ್ರದಾಚೆಯಿಂದ ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಮಾಡುವ ಬಿಯರ್ ಬಂತು. ಅದು ಬೇಗ ಕೆಡದು, ದೂರ ಸಾಗಿಸಬಹುದು. ಆದರೆ ದೊಡ್ಡ ಹಂಡೆ ಬೇಕು, ಬಂಡವಾಳ ಬೇಕು, ಆಳುಗಳು ಬೇಕು. ಸಾಲ ಕೊಡುವವರು ಹೆಂಗಸಿಗೆ ಕೊಟ್ಟಾರೆಯೇ? 1600ರ ಹೊತ್ತಿಗೆ ಈ ಕಸುಬು ಬಹುಮಟ್ಟಿಗೆ ಗಂಡಸರದಾಗಿತ್ತು. ಹೆಸರು ಮಾತ್ರ ವಿಚಿತ್ರವಾಗಿ ಉಳಿಯಿತು. ಮದ್ಯದ ಲೈಸೆನ್ಸ್ ಕೊಡಲು ಮ್ಯಾಜಿಸ್ಟ್ರೇಟರು ವರ್ಷಕ್ಕೊಮ್ಮೆ ಸೇರುವ ಸಭೆಗೆ 20ನೆಯ ಶತಮಾನದಲ್ಲೂ ‘ಬ್ರೂಸ್ಟರ್ ಸೆಷನ್ಸ್’ ಎಂದೇ ಹೆಸರು. 1919ರ ಕೊನೆಯವರೆಗೆ ಆ ಕುರ್ಚಿಯ ಮೇಲೆ ಹೆಂಗಸು ಕೂಡುವಂತಿರಲಿಲ್ಲ.

ಒಂದು ‘ಸ್ಟರ್’ ಮಾತ್ರ ಗಂಡಸಿನ ಪಾಲಾಗಲಿಲ್ಲ, ಅದು ಸ್ಪಿನ್‌ಸ್ಟರ್, ಎಂದರೆ ನೂಲುವವಳು. ಒಂದು ಮಗ್ಗ ನಡೆಯಬೇಕಾದರೆ ಹಲವು ಜನ ಬಿಡುವಿಲ್ಲದೆ ನೂಲಬೇಕು. ಅಷ್ಟು ಕಡಿಮೆ ಕೂಲಿಯ ಕೆಲಸ ಯಾವ ಗಂಡಸಿಗೂ ಬೇಕಿರಲಿಲ್ಲ. 899ರಲ್ಲಿ ತೀರಿಕೊಂಡ ಆಲ್ಫ್ರೆಡ್ ದೊರೆಯ ಮೃತ್ಯುಪತ್ರದಲ್ಲೇ ವಂಶದ ಗಂಡು ಕವಲಿಗೆ ‘ಭರ್ಜಿಯ ಕಡೆ’, ಹೆಣ್ಣು ಕವಲಿಗೆ ‘ಕದಿರಿನ ಕಡೆ’ ಎಂದಿದೆ. ತನ್ನ ಅಜ್ಜ ಜಮೀನು ಬಿಟ್ಟದ್ದು ಭರ್ಜಿಯ ಕಡೆಗೆ, ಕದಿರಿನ ಕಡೆಗಲ್ಲ ಎಂದು ದೊರೆ ಸ್ಪಷ್ಟವಾಗಿ ಬರೆಸಿದ್ದಾನೆ. ಕಾನೂನಿನ ಕಾಗದಗಳಲ್ಲಿ ಮದುವೆಯಾಗದ ಹೆಂಗಸಿನ ಮುಂದೆ ಸ್ಪಿನ್‌ಸ್ಟರ್ ಎಂದು ಬರೆಯುವ ರೂಢಿ 17ನೆಯ ಶತಮಾನಕ್ಕೆ ಬೇರೂರಿತು. ದುಡಿದು ತಿನ್ನುವವಳು ಎಂಬ ಅರ್ಥ ಹೋಗಿ ಮದುವೆಯಾಗದೆ ಉಳಿದವಳು ಎಂಬ ಮೂದಲಿಕೆ ಉಳಿಯಿತು. ಕದಿರು ಹಿಡಿದೇ ನೋಡದ ರಾಜಕುಮಾರಿಯೂ ಕಾಗದದ ಮೇಲೆ ನೂಲುವವಳೇ. ಇಂಗ್ಲೆಂಡಿನ ಮದುವೆ ರಿಜಿಸ್ಟರಿನಿಂದ ಆ ಶಬ್ದ ಹೋದದ್ದು 2005ರ ಡಿಸೆಂಬರಿನಲ್ಲಿ.

ಆ ರಿಜಿಸ್ಟರಿನದು ಇನ್ನೊಂದು ಸಂಗತಿಯಿದೆ. 1837ರಲ್ಲಿ ಮಾಡಿದ ನಮೂನೆಯಲ್ಲಿ ವಧೂವರರ ತಂದೆಯ ಹೆಸರು, ತಂದೆಯ ಉದ್ಯೋಗ ಎಂಬ ಕಾಲಂಗಳಿದ್ದವು. ತಾಯಿಯ ಹೆಸರಿಗೆ ಜಾಗವೇ ಇರಲಿಲ್ಲ. ಮಾರ್ಗರೆಟ್ ರಾಬರ್ಟ್ಸ್ 1951ರಲ್ಲಿ ಮದುವೆಯಾಗಿ ಮಾರ್ಗರೆಟ್ ಥ್ಯಾಚರ್ ಆದಾಗಲೂ ಹಾಗೇ. (ಥ್ಯಾಚರ್ ಎಂದರೆ ಹುಲ್ಲಿನ ಮಾಡು ಹೊದಿಸುವವನು, ಅದೂ ಗಂಡನ ಕಡೆಯಿಂದ ಬಂದ ಕಸುಬು.) ಆಕೆ ಪ್ರಧಾನಿಯಾಗಿ ಹನ್ನೊಂದು ವರ್ಷ ಆಳಿ ಇಳಿದರೂ ಕಾಲಂ ಬದಲಾಗಲಿಲ್ಲ. ತಾಯಿಯ ಹೆಸರೂ ಉದ್ಯೋಗವೂ ಅಲ್ಲಿ ಸೇರಿದ್ದು 2021ರ ಮೇ 4ರಿಂದ.

ಇದನ್ನು ಓದಿದ ದಿನ ನನಗೆ ನೆನಪಾದದ್ದು ನನ್ನ ಕಾಲೇಜಿನ ಅರ್ಜಿ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅವ್ವ ಓಣಿಯವರ ಜಂಪರು ಹೊಲಿದು ನಮ್ಮ ಮೂವರನ್ನೂ ಓದಿಸಿದಳು. ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂದಿತ್ತು. ಹೊಲಿಗೆ ಎಂದು ಬರೆದೆ. ಕಾರಕೂನರು ಅದನ್ನು ಹೊಡೆದುಹಾಕಿ, “ದಿವಂಗತ ಅಂತ ಬರಿಯವಾ” ಎಂದರು. ಬರೆದೆ. ಆ ಮೂರು ವರ್ಷ ನಮ್ಮ ಮನೆಯ ಉದ್ಯೋಗ ದಿವಂಗತ ಎಂದೇ ಕಾಲೇಜಿನ ದಫ್ತರದಲ್ಲಿದ್ದೀತು.

ಹೊಲಿಯುವವಳಿಗೂ ಒಂದು ಹಳೆಯ ‘ಸ್ಟರ್’ ಇದೆ, ಸೀಮ್‌ಸ್ಟರ್. ಅದರಲ್ಲಿ ಹೆಂಗಸಿದ್ದಾಳೆಂಬುದೇ ಮರೆತುಹೋಗಿ, ಮುಂದಿನವರು ಇನ್ನೊಂದು ಸ್ತ್ರೀಲಿಂಗದ ಬಾಲ ಜೋಡಿಸಿ ಸೀಮ್‌ಸ್ಟ್ರೆಸ್ ಮಾಡಿದರು. ಮೊನ್ನೆ ತವರಿಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಈಗ ಕಣ್ಣು ಮಂಜು, ಮಿಷನ್ನಿನ ಮೇಲೆ ಹಳೆಯ ಸೀರೆ ಹೊದಿಸಿ ಇಟ್ಟಿದ್ದಾಳೆ. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದೇನವಾ? ಅಲ್ಲಿ ಹೆಣ್ಣಮಕ್ಕಳು ಹುಕ್ಕಿಗೆ ಬ್ಯಾರೆ ರೊಕ್ಕ ತಗೋತಿದ್ರೇನು?” ಎಂದು ಕೇಳಿದಳು.